ಹತ್ತರಲ್ಲಿ ಒಂಬತ್ತು

ರವೀಂದ್ರ ಆ ವೈರನ್ನು ತಂದದ್ದು ಬೆಂಗಳೂರಿನ ಒಂದು ಅಂಗಡಿಯಿಂದ. ತೋಟಕ್ಕೆ ನೀರು ಬಿಡುವ ಪೈಪಿನಷ್ಟು ದಪ್ಪ, ಮೇಲೆ ನೀಲಿ ದಾರದ ಹೆಣಿಗೆ. ಗೋಡೆಯ ಸಾಕೆಟ್ಟಿನಿಂದ ಆಂಪ್ಲಿಫೈಯರಿಗೆ ಕರೆಂಟು ಒಯ್ಯುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿರಲಿಲ್ಲ. ಬೆಲೆ ಇಪ್ಪತ್ತೆರಡು ಸಾವಿರ. ವೈರು ನೆಲಕ್ಕೆ ತಾಗಿದರೆ ಸದ್ದು ಕೆಡುತ್ತದೆಂದು ಅಂಗಡಿಯವನು ಅದರ ಕೆಳಗಿಡಲು ನಾಲ್ಕು ಮರದ ತುಂಡುಗಳನ್ನೂ ಕೊಟ್ಟಿದ್ದ.

ರವೀಂದ್ರ ಜವನಗೊಂಡನಹಳ್ಳಿಯ ಪಶು ಆಸ್ಪತ್ರೆಯಲ್ಲಿ ದನಕುರಿಗಳನ್ನು ನೋಡುವ ಪರೀಕ್ಷಕ. ಮನೆ ಹಿರಿಯೂರಿನಲ್ಲಿ. ತನ್ನ ಕಿವಿಯ ಮೇಲೆ ಅವನಿಗೆ ಮೊದಲಿನಿಂದಲೂ ಭರವಸೆ. ಚಿಕ್ಕವನಿದ್ದಾಗ ಅಪ್ಪ ಗುಡ್ಡಪ್ಪನ ಜೊತೆ ಕುರಿ ರೊಪ್ಪದ ಬೇಲಿಗೊರಗಿ ಕೂತು, ಒಳಗೆ ಕೆಮ್ಮಿದ ಕುರಿ ಯಾವುದೆಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ. ಅಪ್ಪ ಹೋಗಿ ನೋಡಿದರೆ ಅದೇ ಕುರಿಗೆ ಮೂಗು ಸೋರುತ್ತಿರುತ್ತಿತ್ತು. ಇದನ್ನು ಕಂಡವಳು ಅವನ ತಂಗಿ ಯಮುನಾ. ಆದ್ದರಿಂದಲೇ ಅಣ್ಣ ಆ ವೈರಿನಿಂದ ಶಹನಾಯಿಯ ದನಿ ಬಿಡಿಸಿಟ್ಟ ಹಾಗೆ ಕೇಳುತ್ತದೆ ಎಂದಾಗ ಅವಳಿಗೆ ನಗು ಬಂದರೂ ಪೂರ್ತಿ ತಳ್ಳಿಹಾಕಲು ಆಗಲಿಲ್ಲ.

ಯಮುನಾ ಚಿತ್ರದುರ್ಗದ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾಳೆ. ಕರೆಂಟು ಶರಾವತಿಯಿಂದ ನೂರಾರು ಕಿಲೋಮೀಟರು ಸಾಮಾನ್ಯ ತಂತಿಯಲ್ಲಿ ಬಂದು, ಕೊನೆಯ ಒಂದೂವರೆ ಮೀಟರಿನಲ್ಲಿ ಶುದ್ಧವಾಗುತ್ತದೆ ಎಂದು ನಂಬುವವರಿದ್ದಾರೆ ಎಂದು ಕ್ಲಾಸಿನಲ್ಲಿ ಹೇಳಿ ಮಕ್ಕಳನ್ನು ನಗಿಸಿದ್ದಳು. ಆ ನಂಬುವವರು ತನ್ನ ಅಣ್ಣ ಎಂಬುದನ್ನೂ ಮುಚ್ಚಿಟ್ಟಿರಲಿಲ್ಲ.

"ನಗೋದು ಸುಲಭ ಕಣಮ್ಮ. ಪರೀಕ್ಷೆ ಮಾಡು," ಎಂದ ರವೀಂದ್ರ.

ಒಂದು ಭಾನುವಾರ ಬೆಳಿಗ್ಗೆ ಯಮುನಾ ಬಸ್ಸು ಹತ್ತಿ ಹಿರಿಯೂರಿಗೆ ಬಂದಳು. ಆಂಪ್ಲಿಫೈಯರಿನ ಮುಂದೆ ಹಳೆಯ ಚಾದರವೊಂದನ್ನು ಅಡ್ಡ ಕಟ್ಟಿದರು. ಅದರ ಹಿಂದೆ ಕೂತವಳು ರವೀಂದ್ರನ ಹೆಂಡತಿ ಸುಮಾ. ಪ್ರತಿ ಸುತ್ತಿಗೂ ಅವಳು ನಾಣ್ಯ ಚಿಮ್ಮಬೇಕು. ರಾಜ ಬಿದ್ದರೆ ಹೊಸ ವೈರು, ರಾಣಿ ಬಿದ್ದರೆ ಹಳೆಯದು. ಯಾವುದು ಹಾಕಿದೆ ಎಂದು ಬರೆದಿಟ್ಟ ಮೇಲೆಯೇ ಹಾಡು ಹಚ್ಚಬೇಕು. ಅದೇ ವೈರು ಮತ್ತೆ ಬಂದರೂ ಕಿತ್ತು ಮತ್ತೆ ಸಿಕ್ಕಿಸಬೇಕು, ಇಲ್ಲದಿದ್ದರೆ ಕೀಳುವ ಸದ್ದು ಬರಲಿಲ್ಲ ಎಂಬುದರಿಂದಲೇ ಗೊತ್ತಾಗುತ್ತದೆ. ಅಣ್ಣ ತಂಗಿ ಇಬ್ಬರೂ ಈಚೆ ಕಡೆ ಸೋಫಾದಲ್ಲಿ ಕೂತರು. ರವೀಂದ್ರ ಕಣ್ಣು ಮುಚ್ಚಿಕೊಂಡು ಕೇಳಿ, "ಹೊಸದು" ಅಥವಾ "ಹಳೇದು" ಎನ್ನುತ್ತಿದ್ದ. ಯಮುನಾ ಗುರುತು ಹಾಕಿಕೊಳ್ಳುತ್ತಿದ್ದಳು. ಅವಳಿಗಂತೂ ಹತ್ತು ಸಲವೂ ಒಂದೇ ಶಹನಾಯಿ ಕೇಳಿಸಿತು.

ಕೊನೆಗೆ ಎರಡು ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಹತ್ತರಲ್ಲಿ ಒಂಬತ್ತು ಸರಿ.

ರವೀಂದ್ರ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದು, "ಏಳನೇದು ಯಾಕೆ ತಪ್ಪಾಯ್ತೋ ಗೊತ್ತಿಲ್ಲ, ಆಗ ರಸ್ತೇಲಿ ಲಾರಿ ಹೋಯ್ತು," ಎಂದ.

ಬಸ್ಸಿನಲ್ಲಿ ವಾಪಸು ಬರುವಾಗ ಯಮುನಾ ಲೆಕ್ಕ ಹಾಕಿದಳು. ಬರೀ ಊಹೆಯಿಂದ ಒಂಬತ್ತೋ ಹತ್ತೋ ಸರಿಯಾಗುವುದು ನೂರಕ್ಕೆ ಒಂದು ಸಲ. ಅಣ್ಣನಿಗೆ ಆ ಒಂದು ಸಲ ಇವತ್ತೇ ಬಂತು ಎಂದುಕೊಳ್ಳಬಹುದಿತ್ತು. ಆದರೆ ಹತ್ತರಲ್ಲಿ ಐದು ಬಂದಿದ್ದರೆ ಪರೀಕ್ಷೆಯನ್ನು ತಾನು ಒಪ್ಪುತ್ತಿದ್ದೆ ಎಂಬುದು ಅವಳಿಗೆ ಗೊತ್ತಿತ್ತು. ಬೇಡದ ಉತ್ತರ ಬಂದಿತೆಂದು ಪರೀಕ್ಷೆಯನ್ನೇ ಬಿಟ್ಟರೆ ಮಕ್ಕಳಿಗೆ ತಾನು ಇಷ್ಟು ವರ್ಷ ಹೇಳಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ.

ಸೋಮವಾರ ಕ್ಲಾಸಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಆಗಲ್ಲ ಅಂದಿದ್ದೆ. ಆಗಿದೆ. ಯಾಕೆ ಅಂತ ನನಗೆ ಗೊತ್ತಿಲ್ಲ."

ಯಾರೂ ನಗಲಿಲ್ಲ. ಎರಡನೇ ಸಾಲಿನಲ್ಲಿದ್ದ ಮೋನಿಕಾ ಎಂಬ ಹುಡುಗಿ ಎದ್ದು ನಿಂತಳು. "ಮಿಸ್, ವೈರು ಬದಲಾಯಿಸ್ತಿದ್ದೋರಿಗೆ ನಿಮ್ಮಣ್ಣ ಹೇಳಿದ ಉತ್ತರ ಕೇಳ್ತಿತ್ತಾ?"

"ಕೇಳ್ತಿತ್ತು. ಆದ್ರೆ ಅವರು ಮೊದಲೇ ಬರೆದಿಡ್ತಿದ್ರು. ಹಂಗೇ ಹೇಳಿದ್ದೆ."

"ಹೇಳಿದ್ರಿ ಮಿಸ್. ಬರೆದಿದ್ದನ್ನ ಯಾರಾದ್ರೂ ನೋಡಿದ್ರಾ?"

ಯಮುನಾ ಸ್ವಲ್ಪ ಬಿರುಸಾಗಿಯೇ "ಕುಂತ್ಕೋ" ಎಂದಳು. ಆಮೇಲೆ ಆ ದಿನವೆಲ್ಲ ಅದೇ ಪ್ರಶ್ನೆ ಅವಳ ಬೆನ್ನು ಬಿಡಲಿಲ್ಲ.

ಮುಂದಿನ ಭಾನುವಾರ ಮೊದಲೇ ತಿಳಿಸದೆ ಹಿರಿಯೂರಿಗೆ ಹೋದಳು. ರವೀಂದ್ರ ಕುರಿಗಳಿಗೆ ಲಸಿಕೆ ಹಾಕಿಸಲು ಹಳ್ಳಿಗೆ ಹೋಗಿದ್ದ. ಸುಮಾ ಹಿತ್ತಲ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಯಮುನಾ ಪಕ್ಕದಲ್ಲಿ ಕೂತು ತಾನೂ ಸುಲಿಯತೊಡಗಿದಳು. ಕ್ಲಾಸಿನಲ್ಲಿ ತನ್ನ ಮಾತು ತಪ್ಪೆಂದು ಒಪ್ಪಿಕೊಂಡದ್ದನ್ನು ಹೇಳಿದಳು.

ಸುಮಾಳ ಕೈ ನಿಂತಿತು. "ಮಕ್ಕಳ ಮುಂದೆ ಹೇಳಿದ್ಯಾ?"

"ಹೇಳಬೇಕಲ್ಲ ಅತ್ತಿಗೆ."

ಸುಮಾ ಸೆರಗಿಗೆ ಅಂಟಿದ ಸಿಪ್ಪೆ ಕೊಡವಿದಳು. "ನೀನು ಇದನ್ನ ಮನೆ ಮಾತು ಅನ್ಕಂಡಿರ್ತೀಯ ಅಂತ ಇದ್ದೆ. ನಾನು ಸುಳ್ಳು ಬರ್ದೆ ಯಮುನಾ."

ಮೊದಲ ನಾಲ್ಕು ಸುತ್ತು ನಾಣ್ಯ ಚಿಮ್ಮಿ ಹೇಳಿದ ಹಾಗೇ ಮಾಡಿದ್ದಳು. ಅದರಲ್ಲಿ ಸರಿಯಾದದ್ದು ಒಂದೇ. ದಪ್ಪ ವೈರು ಬಗ್ಗುತ್ತಿರಲಿಲ್ಲ, ಅದನ್ನು ಸಿಕ್ಕಿಸಲು ಮಂಡಿಯೂರಿ ಮೇಜಿನ ಹಿಂದೆ ಕೈ ಹಾಕಬೇಕಿತ್ತು. ಸೊಂಟ ಹಿಡಿದುಕೊಂಡಿತು. ಐದನೆಯದರಿಂದ ಹಳೆಯ ವೈರನ್ನೇ ಕಿತ್ತು ಅದನ್ನೇ ಹಾಕಿ, ಅವನು ಹೇಳಿದ್ದನ್ನು ಕೇಳಿಸಿಕೊಂಡು ಬರೆದಿದ್ದಳು. ಆಮೇಲೆ ಮೊದಲ ನಾಲ್ಕರಲ್ಲಿ ತಪ್ಪಾಗಿದ್ದ ಮೂರನ್ನೂ ತಿದ್ದಿದ್ದಳು.

"ಹತ್ತಕ್ಕೆ ಹತ್ತು ಬರೆದ್ರೆ ನೀನು ನಂಬಲ್ಲ ಅಂತ ಒಂದು ತಪ್ಪು ಹಾಕ್ದೆ."

ಯಮುನಾಗೆ ಸಿಟ್ಟೂ ಬಂತು, ತನ್ನ ಬಗ್ಗೆ ನಾಚಿಕೆಯೂ ಆಯಿತು. "ಸೊಂಟ ನೋವು ಅಂದಿದ್ರೆ ನಿಲ್ಲಿಸ್ತಿದ್ದೆ. ಸುಳ್ಳು ಯಾಕೆ ಬರೆದ್ರಿ?"

"ಆ ವೈರು ಬರೋಕೆ ಮುಂಚೆ ನಿಮ್ಮಣ್ಣ ಸಂಜೆ ಮನೇಲಿ ಇರ್ತಿರ್ಲಿಲ್ಲ. ಡ್ಯೂಟಿಯಿಂದ ಬರೋದು, ಕಾಫಿ ಕುಡಿಯೋದು, ಇಸ್ಪೀಟಿಗೆ ಹೋಗೋದು. ಈಗ ಕುಂತ್ಕಂಡು ಹಾಡು ಕೇಳ್ತಾರೆ. ನನ್ನೂ ಕರೀತಾರೆ. ಕೇಳ್ತಾ ಐತಾ ಅಂತಾರೆ, ನಾನು ಹೂಂ ಅಂತೀನಿ. ನನಗೇನೂ ಬೇರೆ ಕೇಳಲ್ಲ. ಆದ್ರೂ ಒಂದು ಗಂಟೆ ಜೊತೇಲಿ ಕುಂತಿರ್ತೀವಿ."

ಯಮುನಾ ಕೈಯಲ್ಲಿದ್ದ ಕಾಳನ್ನು ಮೊರಕ್ಕೆ ಹಾಕಿದಳು. "ಮಕ್ಕಳಿಗೆ ನಾನು ನಿಜ ಹೇಳ್ಲೇಬೇಕು ಅತ್ತಿಗೆ. ನಿಮ್ಮ ಹೆಸರು ಎತ್ತಲ್ಲ. ಅಣ್ಣನಿಗೆ ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು."

"ನಿನ್ನ ಕ್ಲಾಸಿನ ಮಕ್ಕಳಲ್ಲಿ ಹಿರಿಯೂರಿಂದ ಬರೋರು ಇದಾರೆ. ಇನ್ಯಾರೋ ಹೇಳೋದಕ್ಕಿಂತ ನಾನೇ ಹೇಳ್ತೀನಿ."

ಮಧ್ಯಾಹ್ನ ರವೀಂದ್ರ ಬಂದು ಊಟಕ್ಕೆ ಕೂತಾಗ ಸುಮಾ ಮುದ್ದೆಗೆ ಸಾರು ಬಿಡುತ್ತಲೇ ಹೇಳಿಬಿಟ್ಟಳು. ಅವನು ತಲೆಯೆತ್ತಲಿಲ್ಲ.

"ಕೊನೇ ಆರೂ ಹಳೇದೇನಾ?"

"ಹೂಂ."

"ಎಂಟನೇದು ಎಷ್ಟು ಚೆನ್ನಾಗಿತ್ತು," ಎಂದ. ಊಟ ಮುಗಿಸಿ ಕೈ ತೊಳೆದುಕೊಂಡು ಹೊರಗೆ ಹೋದ. ತಂಗಿಯನ್ನು ಬಸ್‌ಸ್ಟ್ಯಾಂಡಿಗೆ ಬಿಡಲೂ ಬರಲಿಲ್ಲ.

ಯಮುನಾ ಮಾರನೆಯ ದಿನ ಕ್ಲಾಸಿನಲ್ಲಿ, ಪರೀಕ್ಷೆ ಕೆಟ್ಟಿತ್ತು, ಕೆಡಿಸಿದ್ದು ತಾನು ಸರಿಯಾಗಿ ನೋಡಿಕೊಳ್ಳದೆ ಇದ್ದದ್ದು ಎಂದಳು. ಮೋನಿಕಾಳ ಪ್ರಶ್ನೆಯೇ ಸರಿಯಾದ ಪ್ರಶ್ನೆಯಾಗಿತ್ತು ಎಂದೂ ಹೇಳಿದಳು.

ಆ ವಾರ ಸುಮಾ ಫೋನು ಮಾಡಿ, ನಿಮ್ಮಣ್ಣ ಮತ್ತೆ ಇಸ್ಪೀಟಿಗೆ ಹೋಗುತ್ತಿದ್ದಾರೆ ಎಂದಳು. ಮಾತಿನಲ್ಲಿ ದೂರಿರಲಿಲ್ಲ. ತಾನು ಹೇಳಿದ್ದು ನಿಜವೇ ಆದರೂ ಅದರಿಂದ ಅತ್ತಿಗೆಯ ಒಂದು ಗಂಟೆ ಹೋಯಿತು ಎಂಬುದು ಯಮುನಾಳನ್ನು ಚುಚ್ಚಿತು.

ಹದಿನೈದು ದಿನ ಹೀಗೇ ಕಳೆಯಿತು. ಒಂದು ಸಂಜೆ ರವೀಂದ್ರ ಕಾಫಿ ಕುಡಿದು ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಸದ್ದು ಅಬ್ಬರಿಸಿ ಬಂತು. ತಿರುಗಿ ನೋಡಿದರೆ ಸುಮಾ ಆಂಪ್ಲಿಫೈಯರಿನ ಮುಂದೆ ನಿಂತಿದ್ದಳು. ಅದನ್ನು ಅವಳು ತಾನಾಗಿ ಹಚ್ಚಿದ್ದು ಅದೇ ಮೊದಲು. ಕಿಟಕಿಯ ಗಾಜು ಗದಗುಟ್ಟುತ್ತಿತ್ತು.

"ಕಡಿಮೆ ಮಾಡೋದು ಹೆಂಗೆ ಗೊತ್ತಾಗ್ತಿಲ್ಲ, ಬರ್ರಿ ಇಲ್ಲಿ," ಎಂದು ಅವಳು ಕೂಗಿದಳು.

ಅವನು ಬಂದು ಗುಂಡಿ ತಿರುಗಿಸಿದ. ಯಾವುದು ಸದ್ದಿನದು, ಯಾವುದು ಹಾಡು ಬದಲಾಯಿಸುವುದು ಎಂದು ತೋರಿಸಿದ. ಅವಳು ಒಂದೊಂದನ್ನೂ ಮುಟ್ಟಿ ನೋಡಿ ಕೇಳಿಕೊಂಡಳು. ಅಷ್ಟರಲ್ಲಿ ಹಾಡು ಅರ್ಧ ಮುಗಿದಿತ್ತು. ರವೀಂದ್ರ ಸೋಫಾದಲ್ಲಿ ಕೂತ. ಹಿಂದೆ ಯಾವ ವೈರಿದೆ ಎಂದು ಕೇಳಲಿಲ್ಲ, ಬಗ್ಗಿ ನೋಡಲೂ ಇಲ್ಲ.

"ಶಹನಾಯಿ ಕೇಳಿ ಕೇಳಿ ನನಗೆ ಸಾಕಾಗೈತೆ ಕಣ್ರಿ," ಎಂದಳು ಸುಮಾ. "ಬೇರೆ ಏನಾದ್ರೂ ಹಾಕ್ಲಾ?"

"ಮುಂಚೇನೇ ಹೇಳಬಾರದಿತ್ತಾ?"

"ಈಗ ಹೇಳ್ತಿದೀನಲ್ಲ."

ಅವನು ಸರಿದು ಜಾಗ ಮಾಡಿದ. ಅವಳು ತನಗೆ ಬೇಕಾದ ಹಾಡು ಹುಡುಕಿ ಹಚ್ಚಿ, ಬಂದು ಪಕ್ಕದಲ್ಲಿ ಕೂತಳು.