ಹೂಮಳೆ ದಿನ ಸೂರಿನ ಕೆಳಗೆ

ಮಳೆಗಾಲದಲ್ಲಿ ಗೋಡೆ ನೆನೆಯುತ್ತದೆ, ಬೇಸಿಗೆಯಲ್ಲಿ ಒಣಗುತ್ತದೆ. ಒಣಗಿದ ಮೇಲೆ ನಾವೂ ಮರೆಯುತ್ತೇವೆ. ಆಲ್ದೂರಿನ ಹತ್ತಿರದ ಬೆಳ್ಳಿಯಪ್ಪನಿಗೆ ಮಾತ್ರ ಆ ವರ್ಷ ಮರೆಯುವ ಹಾಗಿರಲಿಲ್ಲ. ಮಗಳು ದ್ಯಾವಮ್ಮ ಚೊಚ್ಚಲ ಬಸುರಿ, ಆಷಾಢದಲ್ಲಿ ಹೆರಿಗೆ. ಬಾಣಂತಿಗೆಂದು ಇದ್ದದ್ದು ಒಂದೇ ಕೋಣೆ. ಅದರ ಮಣ್ಣಿನ ಗೋಡೆಯೋ, ಎರಡು ಮಳೆಗಾಲದಿಂದ ಬುಡದಲ್ಲಿ ನೆಂದು ಉಬ್ಬಿಕೊಂಡಿತ್ತು.

ಏಕೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಂಡವರೂ ಇರಲಿಲ್ಲ! ಹೆಂಚು ಒಡೆದಿದೆ ಎಂದ ಒಬ್ಬ. ಬೆಳ್ಳಿಯಪ್ಪ ಹೆಂಚು ಬದಲಾಯಿಸಿದ. ನೆಲದಡಿ ಜಲ ಎದ್ದಿದೆ ಎಂದ ಇನ್ನೊಬ್ಬ; ಮನೆಯ ಹಿಂದೆ ಚರಂಡಿ ತೋಡಿದ. ಭೂತಕ್ಕೆ ಕೋಳಿ ತಪ್ಪಿದೆ ಎಂದರು ಅತ್ತೆ, ಅದೂ ಆಯಿತು. ಗೋಡೆ ನೆನೆಯುವುದು ಮಾತ್ರ ನಿಲ್ಲಲಿಲ್ಲ.

"ಯಾರ ಮಾತು ಕೇಳೋದು, ಯಾರದ್ದು ಬಿಡೋದು? ತಲೆ ಕೆಟ್ಟು ಮೊಸರುಗಡಿಗೆ ಆಗಿದೆ" ಎಂದು ಹೆಂಡತಿ ಶಂಕರಮ್ಮನ ಮುಂದೆ ಗೋಳಾಡಿದ.

ಚೈತ್ರದ ಒಂದು ಮಧ್ಯಾಹ್ನ ಹೂಮಳೆ ಬಂತು. ಕಾಫಿ ಗಿಡದ ಮೊಗ್ಗು ಅರಳಿಸುವ ಮಳೆ. ಅದು ಬಂದರೆ ನಮ್ಮ ಕಡೆ ಮನೆಯಲ್ಲಿ ಯಾರು ನಿಲ್ಲುತ್ತಾರೆ? ಬೆಳ್ಳಿಯಪ್ಪನೂ ಕಂಬಳಿ ಹೊದ್ದು ಹೊರಟ. ಪಕ್ಕದ ಮನೆಯ ನಂಜಮ್ಮ ಮಳೆಗೆಂದು ಅವನ ಜಗಲಿಯಲ್ಲೇ ನಿಂತಿದ್ದಳು.

"ಎಲ್ಲಿಗೆ ಓಡ್ತೀಯ ಮಾರಾಯ?"

"ತೋಟಕ್ಕೆ, ನಂಜಕ್ಕ. ಮಳೆ ಎಷ್ಟು ಇಳಿದಿದೆ ನೋಡ್ಬೇಕು."

"ತೋಟ ಎಲ್ಲೂ ಓಡಿಹೋಗಲ್ಲ. ಬಾ ಇಲ್ಲಿ, ನಿನ್ನ ಸೂರು ನೋಡು."

ಸೂರಿನುದ್ದಕ್ಕೂ ದಂಬೆ ಇತ್ತು. ಅಡಿಕೆ ಮರ ಸೀಳಿ, ತಿರುಳು ತೆಗೆದು ಕಟ್ಟಿದ್ದು. ಹೆಂಚಿನ ನೀರನ್ನು ಹಿಡಿದು ಮನೆಯಿಂದಾಚೆ ಹಾಯಿಸುವುದು ಅದರ ಕೆಲಸ. ಆದರೆ ತುದಿಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು, ಅಷ್ಟೇ. ನಡುವೆ, ಸರಿಯಾಗಿ ಬಾಣಂತಿ ಕೋಣೆಯ ಹತ್ತಿರ, ಧಾರೆಯಾಗಿ ಗೋಡೆಯ ಬುಡಕ್ಕೇ ಸುರಿಯುತ್ತಿತ್ತು.

"ದಂಬೆ ಗಟ್ಟಿ ಇದೆ ಅಕ್ಕ! ನಾನೇ ಕೈಯಾರೆ ಸೀಳಿ ಕಟ್ಟಿದ್ದು. ಕಲ್ಲು ಇದ್ದಂಗಿದೆ."

ಹೆತ್ತವರಿಗೆ ಹೆಗ್ಗಣ ಮುದ್ದು!

"ಕೆಳಗಿಂದ ನೋಡಿದ್ರೆ ಎಲ್ಲಾ ಕಲ್ಲೇ. ಹತ್ತಿ ನೋಡು" ಎಂದಳು ನಂಜಮ್ಮ.

ಮಳೆ ನಿಂತ ಮೇಲೆ ಏಣಿ ಹತ್ತಿದ. ದಂಬೆಯೊಳಗೆ ಎಲೆ ಕೊಳೆತು ಗೊಬ್ಬರವಾಗಿ, ಅದರಲ್ಲಿ ಗಿಡವೂ ಹುಟ್ಟಿತ್ತು. ಕತ್ತಿಯ ಮೊನೆ ಒತ್ತಿದ. ಬೆಂದ ಗೆಣಸಿಗೆ ಹೊಕ್ಕ ಹಾಗೆ ಆಚೆಗೇ ಬಂತು.

ಪಾಪ, ಏಣಿಯ ಮೇಲೇ ನಿಂತುಬಿಟ್ಟ. "ಎರಡು ಮಳೆಗಾಲ ಇದರ ಕೆಳಗೇ ಓಡಾಡಿದೀನಲ್ಲ ಅಕ್ಕ, ನಂಗ್ಯಾಕೆ ಕಾಣ್ಲಿಲ್ಲ?"

"ಜಡಿಮಳೇಲಿ ಯಾರಿಗೆ ಕಾಣುತ್ತೆ? ಸುತ್ತ ಎಲ್ಲಾ ನೀರೇ. ಯಾವ ನೀರು ಎಲ್ಲಿಂದ ಬೀಳುತ್ತೆ ಅಂತ ತಿಳಿಯೋದು ಹೂಮಳೇಲಿ. ಆಗ ನಾವೆಲ್ಲ ತೋಟದಲ್ಲಿರ್ತೀವಿ."

"ತಗಡೆಲ್ಲಾ ಈಗ ಯುದ್ಧಕ್ಕೆ ಹೋಗ್ತಿದೆ. ಅದು ಮುಗಿದು ತಗಡು ಸಿಗಲಿ, ಎಸ್ಟೇಟಿನ ಬಿಳಿ ದೊರೆ ಬಂಗಲೆಗೆ ಹಾಕಿದಂಥದ್ದೇ ಹಾಕಿಸ್ತೀನಿ. ಈ ವರ್ಷ ಸಗಣಿ ಮೆತ್ತಿ ಸಾಗಿಸಿದ್ರಾಗಲ್ವಾ?"

ನಂಜಮ್ಮನ ಮುಖ ಸಪ್ಪಗಾಯಿತು. "ನಾನೂ ಹಿಂಗೇ ಅಂದಿದ್ದೆ. ಹೋದ ಆಷಾಢದಲ್ಲಿ ಕೊಟ್ಟಿಗೆ ಗೋಡೆ ಬಿತ್ತು. ಗಬ್ಬದ ಹಸು ಅದರಡಿ ಸಿಕ್ಕಿ ಸತ್ತೋಯ್ತು. ನೀನು ಆ ಗೋಡೆ ಪಕ್ಕ ಮಲಗಿಸೋದು ಯಾರನ್ನ, ಹೇಳು?"

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಶಂಕರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೆಳ್ಳಿಯಪ್ಪ ಏಣಿಯ ಮೇಲಿಂದಲೇ ದಂಬೆಯ ಕಟ್ಟು ಬಿಚ್ಚತೊಡಗಿದ.

ಮರುದಿನ ಬಲಿತ ಮರ ಸೀಳಿ, ತುದಿ ತುಸು ತಗ್ಗಿರುವಂತೆ ಹೊಸ ದಂಬೆ ಕಟ್ಟಿದ. ಶಂಕರಮ್ಮ ಮೇಲಿನ ತುದಿಯಲ್ಲಿ ಒಂದು ಕೊಡ ನೀರು ಹೊಯ್ದಳು. ಒಂದು ಹನಿಯೂ ನಡುವೆ ಸೋರದೆ ಕೆಳತುದಿಗೆ ಬಂತು. ಉಬ್ಬಿದ ಮಣ್ಣನ್ನು ಕೆತ್ತಿ ಹೊಸ ಮಣ್ಣು ಮೆತ್ತಿ ಒಣಗಿಸಲು ಬೇಸಿಗೆಯೂ ಉಳಿದಿತ್ತು.

ಆಷಾಢದ ಜಡಿಮಳೆಯಲ್ಲಿ ಹೆಣ್ಣುಮಗು ಹುಟ್ಟಿತು. ಬೆಳ್ಳಿಯಪ್ಪ ದಿನಾ ಬೆಳಗ್ಗೆ ಬಂದು ಮೊದಲು ಗೋಡೆ ಮುಟ್ಟಿ ನೋಡುತ್ತಿದ್ದ, ಆಮೇಲೆ ಮೊಮ್ಮಗಳನ್ನು. ಎರಡೂ ಬೆಚ್ಚಗಿದ್ದವು.

ಅಣ್ಣಂದಿರೇ, ಅಕ್ಕಂದಿರೇ, ಈ ಸಲ ಹೂಮಳೆ ಬಂದಾಗ ತೋಟಕ್ಕೆ ಓಡುವ ಮೊದಲು ಒಂದು ಗಳಿಗೆ ನಿಮ್ಮ ಸೂರಿನ ಕೆಳಗೆ ನಿಲ್ಲಿ. ನೀರು ತುದಿಯಲ್ಲಿ ಬೀಳದೆ ನಡುವೆ ಬೀಳುತ್ತಿದೆಯೇ? ಮಳೆ ಬಿಟ್ಟ ಮೇಲೆ ಹತ್ತಿ, ದಂಬೆಯನ್ನು ಕತ್ತಿ ಮೊನೆಯಿಂದ ಒತ್ತಿ ನೋಡಿ. ಮೆತ್ತಗಾಗಿದ್ದರೆ ಮೆತ್ತುವುದು ಬೇಡ, ಬದಲಾಯಿಸಿ. ಹೂವು ನೀವು ನೋಡದಿದ್ದರೂ ಅರಳುತ್ತದೆ. ಗೋಡೆ ನೀವು ನೋಡದಿದ್ದರೆ ನಿಲ್ಲುವುದಿಲ್ಲ.