ನಿದ್ದೆಗೇಡಿಗೆ ಬರೆದ ಕಥೆ

ವರ್ಷವೊಂದು ಮುಗಿಯುತ್ತ ಬಂದಾಗ ಬೆಳಕಿಗೂ ಒಂದು ಬಗೆಯ ಸಂಕೋಚ ಹುಟ್ಟುತ್ತದೆ, ಸಹೃದಯ ಓದುಗರೇ! ಹೇಮಂತದ ಸೂರ್ಯ ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲೇ ನಿಂತ ಅತಿಥಿಯಂತೆ ಮನೆಗಳ ಮಾಡಿನಂಚಿನಲ್ಲಿ ತಡೆದು ನಿಲ್ಲುತ್ತಾನೆ. ಹೊಗೆಯೋ ಮಂಜೋ ತಿಳಿಯದ ಒಂದು ಶುಭ್ರಾವರಣ ಬೀದಿಯ ತುದಿಯನ್ನು ಮರೆಮಾಡಿರುತ್ತದೆ. ಎಲೆಯುದುರಿದ ಕೊಂಬೆಗಳಲ್ಲಿ ಹಿಮಬಿಂದುಗಳು ಬೀಳುವ ಮನಸ್ಸಿಲ್ಲದೆ ತೂಗಾಡುತ್ತಿರುತ್ತವೆ... ಅಂಗಡಿಗಳ ಕದಗಳು ಇಳಿದಿರುತ್ತವೆ, ಗೃಹಗೃಹಗಳ ಕಿಟಕಿಗಳಲ್ಲಿ ಹಗಲಲ್ಲೇ ದೀಪ ಹೊತ್ತಿರುತ್ತದೆ. ಇಂಥ ರಜಾದಿನಗಳ ಮೌನ ಸುಖಿಗಳಿಗೆ ಮೃದುವಾದ ಹೊದಿಕೆ. ದುಃಖಿಗಳಿಗೋ, ತಮ್ಮದೇ ಎದೆಬಡಿತವನ್ನು ಕೇಳಿಸಿಕೊಳ್ಳಬೇಕಾದ ನಿರ್ಜನ ಕೊಠಡಿ.

ಅಂಥದೊಂದು ಬೀದಿಯ ಮೇಲ್ಮಹಡಿಯ ಮನೆಯಲ್ಲಿ ಗಂಡಹೆಂಡಿರಿಬ್ಬರಿದ್ದರು. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸದವಳು. ಅವಳ ಗಂಡ ರೈಲು ನಿಲ್ದಾಣದಲ್ಲಿ ಗಾಡಿಗಳ ಬರುಹೋಗುಗಳನ್ನು ಧ್ವನಿವರ್ಧಕದಲ್ಲಿ ಹೇಳುತ್ತಿದ್ದವನು. ತಡವಾಗಿ ಬರುವ ಗಾಡಿಯನ್ನು ಕೂಡ ಕ್ಷಮಿಸಿಬಿಡುವಂತೆ ಮಾಡುವ ಮಂದ್ರಗಂಭೀರ ಕಂಠ ಅವನದು. ಆದರೆ ಹೋದ ಮಳೆಗಾಲದ ಒಂದು ಬೆಳಗ್ಗೆ ಲಕ್ವ ಹೊಡೆದು, ಅವನ ಬಲಗೈಯ ಜೊತೆಗೆ ಆ ಕಂಠವೂ ಮಲಗಿಬಿಟ್ಟಿತು. ಈಗ ಅವನ ಬಳಿ ಉಳಿದದ್ದು ಬೆರಳೆಣಿಕೆಯ ಮಾತುಗಳು: ಹ್ಞೂ, ಬೇಡ, ಅಲ್ಲ...

ಅವರಿಬ್ಬರಿಗೂ ಒಂದು ಹುಚ್ಚಿತ್ತು. ಹಿಂದೆ ಟೀವಿಯಲ್ಲಿ ಬರುತ್ತಿದ್ದ ಒಂದು ಧಾರಾವಾಹಿ. ದೀಪಸ್ತಂಭ ಕಾಯುವ ಹೆಣ್ಣೊಬ್ಬಳು, ಕಡಲ ನಕಾಶೆ ಬರೆಯುವ ಗಂಡೊಬ್ಬ, ಅವರ ಪ್ರಣಯ. ಧಾರಾವಾಹಿ ನಿಂತು ಎಷ್ಟೋ ಕಾಲವಾದರೂ ಅಭಿಮಾನಿಗಳು ಆ ಪಾತ್ರಗಳನ್ನಿಟ್ಟುಕೊಂಡು ಅಂತರ್ಜಾಲದಲ್ಲಿ ತಮ್ಮ ತಮ್ಮ ಕಥೆ ಬರೆಯುತ್ತಿದ್ದರು. ಪ್ರತಿ ವರ್ಷಾಂತ್ಯದ ರಜೆಗೆ ಒಂದು ಉಡುಗೊರೆಯ ಆಟ: ಎಂಥ ಕಥೆ ಬೇಕೆಂದು ಎಲ್ಲರೂ ಹೇಳಿಕೊಳ್ಳುವುದು, ಚೀಟಿ ಎತ್ತಿದಾಗ ಯಾರು ಬರುತ್ತಾರೋ ಅವರಿಗಾಗಿ ಗುಟ್ಟಾಗಿ ಬರೆಯುವುದು, ಗೊತ್ತುಪಡಿಸಿದ ದಿನ ಎಲ್ಲ ಕಥೆಗಳೂ ತೆರೆದುಕೊಳ್ಳುವುದು. ಗುಂಪಿನಲ್ಲಿ ಅವಳ ಹೆಸರು ‘ಲೂಸ್ ಸ್ಕ್ರೂ’. ಕನ್ನಡಕದ ಸಡಿಲ ಸ್ಕ್ರೂಗಳನ್ನು ನೆನೆದು ತಮಾಷೆಗೆ ಅದನ್ನಿಟ್ಟವನು ಗಂಡನೇ. ಅವಳು ಬರೆದದ್ದಕ್ಕೆಲ್ಲ ಮೊದಲ ಶ್ರೋತೃವೂ ಅವನೇ.

ಈ ವರ್ಷ ಯಾವುದೋ ಅಭ್ಯಾಸಬಲದಿಂದ ಸೇರಿಬಿಟ್ಟಿದ್ದಳು. ಸೇರಿದ ಮೇಲೆ ಪಶ್ಚಾತ್ತಾಪ. ಏಕೆಂದರೆ ಅದೇ ವಾರ ಗಂಡನ ಅಕ್ಕ ಬಂದು, ಅವಳ ಬತ್ತಿದ ಮುಖ ನೋಡಿ ಮರುಗಿ ಹೇಳಿದ್ದರು:

“ನೋಡಮ್ಮ, ದುಡಿಯೋಕೂ ಹೋಗ್ಬೇಕು, ಇವನನ್ನೂ ನೋಡ್ಕೋಬೇಕು ಅಂದ್ರೆ ನೀನು ಎಷ್ಟು ದಿನ ತಡೀತೀಯ? ರಜೆ ಮುಗಿದ ಮೇಲೆ ಇವನು ನಮ್ಮನೇಲಿ ಇರ್ಲಿ ಬಿಡು. ಏನೋ ತಮ್ಮ?”

ಅವನು ಹ್ಞೂ ಎಂದಿದ್ದ! ನೆಲ ನೋಡಿಕೊಂಡು, ಒಂದೇ ಒಂದು ಹ್ಞೂ... ಹೆಂಡತಿಗೆ ಭಾರವಾದೆನೆಂಬ ಸಂಕಟ ಅದರೊಳಗಿತ್ತೆಂದು ಅವಳಿಗೆ ತಿಳಿಯಲಿಲ್ಲ. ತನ್ನ ಆರೈಕೆ ಗಂಡನಿಗೆ ಸಾಲದಾಯಿತೆಂದುಕೊಂಡಳು. ಕೇಳಲು ಬಾಯಿ ಬರಲಿಲ್ಲ. ಪ್ರೀತಿ ಇದ್ದಲ್ಲೇ ಅಭಿಮಾನವೂ ಮನೆ ಮಾಡಿಕೊಂಡಿರುತ್ತದಲ್ಲವೇ!

ಆಟದಿಂದ ಹಿಂದೆ ಸರಿಯಬೇಕೆಂದೇ ಕಂಪ್ಯೂಟರ್ ತೆರೆದಳು. ಚೀಟಿಯಲ್ಲಿ ಬಂದದ್ದು ‘ನಿದ್ದೆಗೇಡಿ’ ಎಂಬ ಅಪರಿಚಿತರು. ಅವರ ಕೋರಿಕೆ ಇಷ್ಟೇ: “ದೀಪಸ್ತಂಭದ ಅವರಿಬ್ಬರ ಮನೆಯ ಒಂದು ಸಾಧಾರಣ ದಿನ ಸಾಕು. ಬಿರುಗಾಳಿ ಬೇಡ, ಅಗಲಿಕೆ ಬೇಡ. ಈ ವರ್ಷ ದೊಡ್ಡದೇನನ್ನೂ ತಡ್ಕೊಳ್ಳೋ ಶಕ್ತಿ ನನಗಿಲ್ಲ.”

ಅವಳ ಬೆರಳು ತಡೆಯಿತು. ಯಾರೋ ತನ್ನಂತೆಯೇ ದಣಿದವರು... ಅವರಿಗೆ ಹೇಗೆ ಇಲ್ಲವೆನ್ನುವುದು? ಆದರೆ ಬರೆಯಲು ಕುಳಿತರೆ, ಸಾಧಾರಣ ದಿನವೊಂದರ ಸುಖ ಹೇಗಿರುತ್ತದೆಂಬುದೇ ಅವಳಿಗೆ ಮರೆತುಹೋಗಿತ್ತು. ಮಾತ್ರೆ, ಬಿಸಿನೀರು, ಕೈಕಾಲಿನ ವ್ಯಾಯಾಮ, ಅಂಗಡಿ. ಇವುಗಳ ನಡುವೆ ಅವಳು ಗಂಡನನ್ನು ನೋಡಿಕೊಂಡಿದ್ದಳೇ ಹೊರತು ನೋಡಿರಲಿಲ್ಲ.

ಹಾಗಾಗಿ ನೋಡತೊಡಗಿದಳು. ಕಥೆಗೆ ಸಾಮಗ್ರಿ ಬೇಕಲ್ಲ! ಅವನು ಎಡಗೈಯಿಂದ ಕಾಫಿಲೋಟವನ್ನು ಅವಳತ್ತ ಸರಿಸುವಾಗ, ಬಿಸಿ ತಾಗದಿರಲೆಂದು ಮಡಚಿದ ಕರವಸ್ತ್ರವನ್ನು ಪಕ್ಕದಲ್ಲಿಡುತ್ತಿದ್ದ. ಕಿಟಕಿಯಿಂದ ಬಿಸಿಲಿನ ಒಂದು ಚೌಕ ಒಳಬಂದು ನೆಲದ ಮೇಲೆ ಮೆಲ್ಲಗೆ ಜರುಗುವಾಗ, ಅವನೂ ತನ್ನ ಕುರ್ಚಿಯನ್ನು ಕಷ್ಟಪಟ್ಟು ನೆರಳಿಗೆ ಎಳೆದುಕೊಳ್ಳುತ್ತಿದ್ದ... ಬರೆಯುತ್ತ ಕುಳಿತ ಅವಳ ಬೆನ್ನಿಗೆ ಆ ಎಳೆಬಿಸಿಲು ಬೀಳಲೆಂದು! ಎಷ್ಟು ಕಾಲದಿಂದ ಹೀಗೆ ನಡೆದಿತ್ತೋ. ತನ್ನ ಬೆನ್ನು ಬೆಚ್ಚಗಿರುವುದೇಕೆಂದು ಅವಳು ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಆ ಲೋಟ, ಆ ಕುರ್ಚಿ, ಆ ಬಿಸಿಲು ಎಲ್ಲವೂ ದೀಪಸ್ತಂಭದ ಮನೆಗೆ ಹೋದವು. ಕಥೆ ಶರತ್ಕಾಲದ ತೊರೆಯಂತೆ ತಿಳಿಯಾಗಿ ಹರಿಯಿತು. ಕೊನೆಯಲ್ಲಿ ಮಾತ್ರ ನಾಯಕನ ಬಾಯಲ್ಲಿ ಒಂದು ಸುದೀರ್ಘ ಪ್ರಣಯನಿವೇದನೆ ಹಾಕಿದಳು. ಒಂದು ಮಧ್ಯಾಹ್ನ, ಎಷ್ಟೋ ತಿಂಗಳ ಮೇಲೆ ಮೊದಲ ಬಾರಿಗೆ, ಗಂಡನ ಎದುರು ಕುಳಿತು ಓದಿದಳು.

ಲೋಟದ ಮಾತು ಬಂದಾಗ ಅವನು ಕಣ್ಣು ತಗ್ಗಿಸಿದ. ಕುರ್ಚಿಯ ಮಾತು ಬಂದಾಗ ಕಿವಿ ಕೆಂಪೇರಿತು. ಕೊನೆಯ ನಿವೇದನೆ ಬಂದಾಗ ಎಡಗೈ ಎತ್ತಿದ.

“ಅಲ್ಲ.”

“ಏನ್ರೀ ಅಲ್ಲ?”

“ಜಾಸ್ತಿ.”

ಅವಳಿಗೆ ನಗು ಬಂತು. ಹಳೆಯ ವಿಮರ್ಶಕ ಮರಳಿದ್ದ. “ಹಾಗಾದ್ರೆ ಅವನು ಏನು ಹೇಳ್ತಾನೆ? ನೀವೇ ಹೇಳಿ.”

ಅವನು ಹುಡುಕಿದ. ತುಟಿ ನಡುಗಿತು, ಕೊರಳ ನರಗಳು ಉಬ್ಬಿದವು. ಅವಳು ನೆರವಿಗೆ ಹೋಗದೆ ಕಾದಳು.

“ಇರ್...ತೀನಿ,” ಎಂದ. ಮತ್ತೆ, ಸ್ವಲ್ಪ ಗಟ್ಟಿಯಾಗಿ, “ಇಲ್ಲೇ ಇರ್ತೀನಿ.”

ಅವಳು ಮೆಲ್ಲಗೆ ಕೇಳಿದಳು: “ಯಾರು? ಅವನಾ, ನೀವಾ?”

ವಕ್ರವಾದ ಆ ತುಟಿಯಲ್ಲೂ ಒಂದು ತುಂಟನಗೆ ಮೂಡಿತು. “ಇಬ್ರೂ.”

ಅವಳು ಅವನ ಭುಜಕ್ಕೆ ಹಣೆಯಿಟ್ಟಳು. ಮಳೆಗಾಲದಿಂದ ತಡೆಹಿಡಿದ ಕಣ್ಣೀರು ಕಟ್ಟೆಯೊಡೆಯಿತು. “ನಿಮಗೆ ನಾನು ಸಾಕಾಗಿಬಿಟ್ಟೆ ಅಂದ್ಕೊಂಡಿದ್ದೆ,” ಎಂದಳು. ಅವನು ಎಡಗೈಯಿಂದ ಅವಳ ತಲೆ ನೇವರಿಸುತ್ತ “ಅಲ್ಲ, ಅಲ್ಲ,” ಎನ್ನುತ್ತಲೇ ಇದ್ದ.

ಮರುದಿನ ಅಕ್ಕ ಅವನ ಬಟ್ಟೆಗಳನ್ನು ಮುಂಚಿತವಾಗಿ ಒಯ್ಯಲು ಬಂದಾಗ ಅವಳು ಬಾಗಿಲಲ್ಲೇ ಹೇಳಿದಳು: “ಅತ್ತಿಗೆ, ಅವರು ಇಲ್ಲೇ ಇರ್ತಾರಂತೆ.”

“ಯಾರು ಹೇಳಿದ್ದು?”

“ಅವರೇ.”

ಅಕ್ಕ ತಮ್ಮನ ಮುಖವನ್ನೇ ನೋಡಿದರು. ಆಮೇಲೆ ತಂದಿದ್ದ ಖಾಲಿ ಚೀಲವನ್ನು ಮಡಚುತ್ತ, ಒದ್ದೆ ದನಿಯಲ್ಲಿ, “ಸರಿ. ಹಾಗಾದ್ರೆ ನಾನೇ ವಾರವಾರ ಬಂದು ಅಡುಗೆ ಮಾಡಿಟ್ಟು ಹೋಗ್ತೀನಿ. ಅದಕ್ಕೂ ಬೇಡ ಅಂದ್ರೆ ಇಬ್ಬರ ಕಿವೀನೂ ಹಿಂಡ್ತೀನಿ,” ಎಂದರು.

ಕಥೆಗಳು ತೆರೆದುಕೊಂಡ ದಿನ ಅವಳಿಗಾಗಿ ಬಂದಿದ್ದದ್ದು ಕಾಗುಣಿತದ ತಪ್ಪುಗಳಿಂದ ತುಂಬಿದ, ತಿಮಿಂಗಿಲವೊಂದು ಮದುವೆಗೆ ಬರುವ ಕಥೆ; ಓದುತ್ತಿದ್ದಂತೆ ಗಂಡ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಬರೆದ ಆ ಅಜ್ಞಾತ ಜೀವಕ್ಕೆ ಅವಳು ಮನಸಾರೆ ವಂದಿಸಿದಳು. ಸಂಜೆಗೆ ನಿದ್ದೆಗೇಡಿಯ ಮಾತು ಬಂತು: “ಈ ವರ್ಷ ಅಮ್ಮ ಹೋದ್ರು. ಅಪ್ಪ ಅವರ ಹೆಸರು ಎತ್ತೋದೇ ಬಿಟ್ಟಿದ್ರು. ನಿಮ್ಮ ಕಥೆ ಅಪ್ಪನಿಗೆ ಓದಿ ಹೇಳಿದೆ. ಕೇಳಿದ ಮೇಲೆ, ನಿಮ್ಮಮ್ಮನೂ ಹೀಗೇ ನನಗೆ ಬಿಸಿಲು ಬಿಟ್ಟುಕೊಡ್ತಿದ್ಲು ಅಂತ ಶುರು ಮಾಡಿದವರು, ಊಟದವರೆಗೂ ಮಾತಾಡಿದ್ರು. ನೀವು ಯಾರೋ ಗೊತ್ತಿಲ್ಲ. ಚೆನ್ನಾಗಿರಿ.”

ಅವಳು ಅದನ್ನು ಗಂಡನಿಗೆ ಓದಿ ಹೇಳಿದಳು, ಅವನು ಇನ್ನೊಮ್ಮೆ ಎಂಬಂತೆ ಬೆರಳು ತೋರಿದ, ಮತ್ತೆ ಓದಿದಳು.

ಕೃತಜ್ಞತೆ ಎಂಬ ಭಾವದ ಬಗೆ ಎಷ್ಟು ವಿಚಿತ್ರ, ಓದುಗರೇ! ಕೊಟ್ಟವರು ನಾವು, ಪಡೆದವರು ಅವರು ಎಂದು ನಾವು ಭ್ರಮಿಸುತ್ತೇವೆ. ಆದರೆ ಎಲ್ಲಿಯೋ ಕುಳಿತ ಒಂದು ಜೀವ, ನಮ್ಮಲ್ಲಿ ಇದೆಯೆಂದು ನಂಬಿ ಏನನ್ನೋ ಬೇಡಿದಾಗಲೇ ಅಲ್ಲವೇ, ನಮ್ಮ ಎದೆಯ ಕತ್ತಲ ಕೋಣೆಗೆ ಹೋಗಿ ಹುಡುಕುವುದು, ಆ ಕೋಣೆ ಎಂದೂ ಬರಿದಾಗಿರಲಿಲ್ಲವೆಂದು ಕಂಡು ಬೆರಗಾಗುವುದು... ಹಾಗೆ ಬೇಡಿದವರಿಗೆ ನಾವು ಸಲ್ಲಿಸಬೇಕಾದ ವಂದನೆ, ಕೊಟ್ಟವರಿಗೆ ಸಲ್ಲಿಸುವುದಕ್ಕಿಂತ ಒಂದು ತೂಕ ಹೆಚ್ಚಿನದೇ ಇರಬೇಕು.