ಸೊಸೆಯ ಕೂಗು

ಸೊಸೆ ಇನ್ನಿಲ್ಲವೆಂಬುದು ಅತ್ತೆಗೆ ಯಾರೂ ಬಂದು ಹೇಳುವ ಮೊದಲೇ ತಿಳಿದುಹೋಯಿತು.

ಅಂದು ಸಂಜೆ ಆಕೆ ಮಾಳಿಗೆಯ ಮೇಲೆ ಒಣಗಿದ ಬಟ್ಟೆಗಳನ್ನು ಹಗ್ಗದಿಂದ ತೆಗೆದು ಮಡಿಸುತ್ತಿದ್ದಳು. ಹೊಳೆ ದಾಟಿಸುವ ಲಾಂಚುಗಳು ಒಂದರ ಹಿಂದೆ ಒಂದು ಕಟ್ಟೆಗೆ ಮರಳುವ ಹೊತ್ತು. ಲಾಂಚ್ ನಡೆಸುವವರಲ್ಲಿ ಹಿಂದಿನಿಂದ ನಡೆದುಬಂದ ಒಂದು ಪದ್ಧತಿ ಉಂಟು. ಕಟ್ಟೆ ಹತ್ತಿರವಾದಾಗ ಪ್ರತಿಯೊಬ್ಬರೂ ತಮ್ಮದೇ ಒಂದು ರೀತಿಯಲ್ಲಿ ಸೀಟಿ ಎಳೆಯುತ್ತಾರೆ. ಅದಕ್ಕೆ ಅವರು ಕೂಗು ಎನ್ನುತ್ತಾರೆ. ಕೂಗು ಕೇಳಿದ ಮನೆಯವರು ‘ನಮ್ಮವರು ಬಂದರು’ ಎಂದು ಒಲೆಯ ಮೇಲೆ ನೀರಿಡುತ್ತಾರೆ. ಒಬ್ಬರ ಕೂಗನ್ನು ಇನ್ನೊಬ್ಬರು ಕೂಗುವಂತಿಲ್ಲ. ಪರರ ಮನೆಯ ಬೀಗಕ್ಕೆ ಕಳ್ಳ ಕೈ ಹಾಕಿದಷ್ಟೇ ತಪ್ಪು ಅದು. ಸೊಸೆಯೂ ಲಾಂಚ್ ನಡೆಸುವವಳೇ; ಅವಳ ಕೂಗು ಎರಡು ಉದ್ದ, ನಡುವೆ ಒಂದು ತುಂಡು. ನಗುವವರಿಗೆ ನಡುವೆ ಬಿಕ್ಕಳಿಕೆ ಬಂದ ಹಾಗೆ.

ಅಂದು ಎಲ್ಲರ ಕೂಗೂ ಬಂತು, ಅವಳದೊಂದು ಬರಲಿಲ್ಲ. ಅತ್ತೆ ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಾ ನಿಂತಳು. ಆಮೇಲೆ ಮಗ ಬಂದ. ಲೇತ್ ಯಂತ್ರದ ಎಣ್ಣೆ ಅಂಟಿದ ಕೈಯನ್ನು ತೊಳೆಯದೆ ಬಂದಿದ್ದ. ತಾಯಿಯ ಕೈಯಲ್ಲಿದ್ದ ಬಟ್ಟೆ ತೆಗೆದುಕೊಂಡು ಅದರಲ್ಲೇ ಮುಖ ಮುಚ್ಚಿಕೊಂಡ. ಅದು ಹೆಂಡತಿಯ ಕೆಲಸದ ಅಂಗಿ.

ನಡೆದದ್ದು ಇಷ್ಟು. ಹೊಳೆಯ ತಿರುವಿನಲ್ಲಿ ಲಾಂಚಿನ ತಳದ ತಗಡು ಬಿಟ್ಟು ನೀರು ನುಗ್ಗಿತು. ಸೊಸೆ ಚುಕ್ಕಾಣಿ ಬಿಡದೆ ಅದನ್ನು ಮರಳ ದಿಬ್ಬದ ಕಡೆಗೆ ಓಡಿಸಿದಳು. ದಿಬ್ಬಕ್ಕೆ ತಾಗಿದ್ದರಿಂದ ಹೆಚ್ಚಿನವರು ಇಳಿದು ಬದುಕಿಕೊಂಡರು. ಹಿಂಭಾಗದಲ್ಲಿದ್ದ ಕೆಲವರನ್ನೂ ಚುಕ್ಕಾಣಿ ಹಿಡಿದಿದ್ದ ಅವಳನ್ನೂ ಹೊಳೆ ಬಿಡಲಿಲ್ಲ.

ಅಂದು ಕೊನೆಯ ಸುತ್ತಿಗೆ ಹೊರಡುವ ಮೊದಲು ಅವಳು ತನ್ನ ಖಾತೆಯಲ್ಲಿ ಒಂದು ವಿಡಿಯೊ ಹಾಕಿದ್ದಳು. ತಳ ಸೋರುತ್ತಿದೆ, ನೀರೆತ್ತುವ ಪಂಪು ಕೆಟ್ಟಿದೆ, ಮೇಲಿನವರಿಗೆ ಹೇಳಿದರೆ ‘ಹೊರಡದಿದ್ದರೆ ನಾಳೆಯಿಂದ ಬರಬೇಡ’ ಎನ್ನುತ್ತಾರೆ, ಆಚೆ ದಡದಲ್ಲಿ ಗಿರಣಿಯ ಪಾಳಿ ಮುಗಿದವರು ಕಾಯುತ್ತಿದ್ದಾರೆ, ದಡದ ಅಂಚಿನಲ್ಲೇ ನಿಧಾನವಾಗಿ ಹೋಗುತ್ತೇನೆ ಎಂದು ಅದರಲ್ಲಿ ಹೇಳಿದ್ದಳು. ಅದರ ನಡುವಿನ ತುಣುಕೊಂದನ್ನು ಜನ ಆ ರಾತ್ರಿಯೆಲ್ಲ ಹಂಚಿಕೊಂಡರು. ಬೆಳಗಾಗುವಷ್ಟರಲ್ಲಿ ಸರ್ಕಾರದ ಆಜ್ಞೆ ಹೊರಬಿತ್ತು: ಲಾಂಚಿನ ಬಗ್ಗೆ ಜಾಲತಾಣಗಳಲ್ಲಿ ಬರೆಯುವುದೆಲ್ಲ ವದಂತಿ, ಬರೆದವರ ಮೇಲೆ ಕ್ರಮ. ತುಣುಕು ಮಾಯವಾಯಿತು. ಸೊಸೆಯ ಖಾತೆಗೂ ಬೀಗ ಬಿತ್ತು. ಸಾಲದ್ದಕ್ಕೆ ಜಲಸಾರಿಗೆ ಇಲಾಖೆ ಒಂದು ಹೇಳಿಕೆ ಕೊಟ್ಟಿತು: ಚಾಲಕಿ ಲಾಂಚ್ ಓಡಿಸುತ್ತಲೇ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತಿದ್ದಳು, ಅದರಿಂದಲೇ ಅಪಘಾತ.

ಅತ್ತೆಗೆ ಸಾವಿಗಿಂತ ಈ ಮಾತು ಹೆಚ್ಚು ಚುಚ್ಚಿತು. ಸಾವು ದೇವರು ಕೊಟ್ಟದ್ದು, ತಲೆಬಾಗಿ ಹೊರಬೇಕು. ಸುಳ್ಳು ಮನುಷ್ಯರು ಕೊಟ್ಟದ್ದು, ಅದನ್ನು ಯಾಕೆ ಹೊರಬೇಕು?

“ಪೂರ್ತಿ ವಿಡಿಯೊ ನಾನು ನೋಡಿದೀನಮ್ಮ,” ಎಂದ ಮಗ. “ಶುರುವಿನಲ್ಲೇ ಕಟ್ಟೆ ಗೂಟಕ್ಕೆ ಕಟ್ಟಿದ ಹಗ್ಗ ಕಾಣತ್ತೆ. ಲಾಂಚ್ ನಿಂತಿತ್ತು. ಓಡಿಸ್ತಾ ತೆಗೆದದ್ದಲ್ಲ.”

“ಮತ್ತೆ ಅದನ್ನ ತೋರಿಸು ಅವರಿಗೆ.”

“ಉಳಿಸಿಟ್ಟುಕೊಳ್ಳಲಿಲ್ಲ. ಸಂಜೆ ಮನೆಗೇ ಬರ್ತಾಳಲ್ಲ ಅಂದುಕೊಂಡೆ.”

ಜನರ ಬಳಿ ಇದ್ದದ್ದು ನಡುವಿನ ತುಣುಕು ಮಾತ್ರ, ಅದರಲ್ಲಿ ಹಗ್ಗವಿಲ್ಲ. ಪೂರ್ತಿ ಇದ್ದದ್ದು ಅವಳ ಖಾತೆಯಲ್ಲಿ, ಬೀಗದ ಒಳಗೆ. ಆ ಬೀಗ ತೆಗೆಸಬೇಕು, ಅವಳ ಹೆಸರಿಗೆ ಬಳಿದ ಮಸಿ ಹೋಗಬೇಕು. ಅಲ್ಲಿಂದಾಚೆ ಅತ್ತೆ ದೇವರ ಮುಂದೆ ದೀಪ ಹಚ್ಚಿದಾಗಲೆಲ್ಲ ಬೇಡಿದ್ದು ಇದೊಂದನ್ನೇ.

ಅತ್ತೆ ಸೊಸೆ ಅನ್ಯೋನ್ಯವಾಗಿದ್ದರೆಂದು ಯಾರೂ ತಿಳಿಯಬಾರದು. ಇಬ್ಬರದೂ ಒಂದೇ ಬಾಯಿ, ಒಂದೇ ಜೋರು. ಉಪ್ಪು ಹೆಚ್ಚಾದರೆ ಜಗಳ, ಕಡಿಮೆಯಾದರೆ ಜಗಳ. ಸರಿಯಾಗಿದ್ದರೆ ‘ಇವತ್ತೇನು ಸರಿಯಾಗಿಬಿಟ್ಟಿದೆ’ ಎಂದು ಜಗಳ. ಆದರೆ ಹೊರಗಿನವರು ಸೊಸೆಯ ಮೇಲೆ ಒಂದು ಮಾತು ಆಡಿದರೆ ಅತ್ತೆ ಸೆರಗು ಬಿಗಿದು ನಿಲ್ಲುತ್ತಿದ್ದಳು. ನನ್ನ ಸೊಸೆಯನ್ನು ಬೈಯಲು ನಾನಿದ್ದೇನೆ, ನೀವು ಯಾರು ಎಂಬುದು ಆಕೆಯ ನ್ಯಾಯ.

ಇಲಾಖೆಯ ಸಾಹೇಬನೊಬ್ಬ ಹಾರ ಹಿಡಿದು ಮನೆಗೆ ಬಂದ. ಕುರ್ಚಿಯ ಅಂಚಿನಲ್ಲಿ ಕುಳಿತು, ದುಃಖದ ಸಮಯ, ಮಾತು ಬೆಳೆಸುವುದರಿಂದ ಹೋದವರು ಬರುವುದಿಲ್ಲ, ಮೌನವಾಗಿದ್ದರೆ ಎಲ್ಲರಿಗೂ ಒಳ್ಳೆಯದು ಎಂದು ಮೆಲ್ಲಗೆ ಹೇಳಿದ. ಅತ್ತೆ ಪೂರ್ತಿ ಕೇಳಿಸಿಕೊಂಡಳು.

“ಸ್ವಾಮಿ, ಮಡಕೆ ಬಾಯಿ ಮುಚ್ಚಬಹುದು, ಲೋಕದ ಬಾಯಿ ಮುಚ್ಚೋಕಾಗತ್ತಾ?” ಎಂದಳು. “ಆ ಹಾರ ತಗೊಂಡು ಹೋಗಿ. ಅವಳು ತಪ್ಪು ಮಾಡಿದಾಳೆ ಅಂದವರು ಹಾರ ಯಾಕೆ ತಂದಿರಿ? ತಪ್ಪು ಮಾಡಿಲ್ಲ ಅನ್ನೋ ಹಾಗಿದ್ರೆ ಅದನ್ನ ಬಾಯಿಬಿಟ್ಟು ಹೇಳಿ.”

ಸಾಹೇಬ ಹಾರವನ್ನು ಮೊಣಕಾಲ ಮೇಲಿಟ್ಟುಕೊಂಡೇ ಕಾರಿಗೆ ಹತ್ತಿದ.

ಅತ್ತೆಯ ಮಗಳು ಪೇಟೆಯ ಮೂಲೆಯಲ್ಲಿ ಮೊಬೈಲ್ ರಿಪೇರಿಯ ಅಂಗಡಿ ಇಟ್ಟಿದ್ದಳು. ಅಂಗೈಯಗಲದ ಜಾಗ, ತಿರುಪುಗಳ ಡಬ್ಬಿಗಳು, ಬೆಸುಗೆಯ ವಾಸನೆ. ಅತ್ತೆ ಅಲ್ಲಿಗೆ ಹೋಗಿ ಸ್ಟೂಲಿನ ಮೇಲೆ ಕುಳಿತು, ನನ್ನ ಮಾತನ್ನೂ ಆ ಪೆಟ್ಟಿಗೆಗೆ ಹಾಕು ಎಂದಳು. ಮಗಳು ಫೋನು ಹಿಡಿದಳು. ಅತ್ತೆ ನೆಟ್ಟಗೆ ನೋಡಿ, ನನ್ನ ಸೊಸೆ ಹಗ್ಗ ಬಿಚ್ಚುವ ಮೊದಲೇ ಆ ಮಾತು ಆಡಿದ್ದಳು, ಅವಳ ಖಾತೆ ತೆರೆಯಿರಿ, ಊರೆಲ್ಲ ನೋಡಲಿ ಎಂದು ಹೇಳಿದಳು. ಗಿರಾಕಿಯೊಬ್ಬನ ಫೋನಿಗೆ ಹೊಸ ಗಾಜು ಕೂರಿಸುವಷ್ಟರಲ್ಲಿ, ಜಾಲತಾಣಕ್ಕೆ ಹಾಕಿದ ಆ ವಿಡಿಯೊ ಮಾಯವಾಯಿತು. ಮಗಳ ಖಾತೆಗೂ ಬೀಗ.

“ಅಮ್ಮಾ, ನಿನ್ನ ಬಾಯಿ ಮುಚ್ಚಿಸಿಬಿಟ್ಟರು ಕಣೆ.”

“ಜನ್ಮವಿಡೀ ನಿಮ್ಮಪ್ಪನ ಕೈಲಿ ಆಗದ ಕೆಲಸ,” ಎಂದಳು ಅತ್ತೆ. ನಕ್ಕಳು, ನಗುತ್ತಲೇ ಅತ್ತಳು. ಸೊಸೆ ಹೋದ ಮೇಲೆ ಆಕೆ ಅತ್ತದ್ದು ಅದೇ ಮೊದಲು.

ಊರಿನಲ್ಲಿ ಎಲ್ಲರಿಗೂ ವಿಷಯ ಗೊತ್ತಿತ್ತು, ಆದರೆ ಎಲ್ಲರೂ ಉಗುಳು ನುಂಗಿಕೊಂಡು ಕುಳಿತಿದ್ದರು. ಬರೆದವರ ಮನೆಗೆ ಪೊಲೀಸರು ಹೋಗಿದ್ದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಸ್ಥಿತಿ.

ಹೀಗಿರುವಾಗ ಒಂದು ಸಂಜೆ ಅತ್ತೆ ಬತ್ತಿದ ಬಾವಿಯಂತಹ ಮನಸ್ಸಿನಿಂದ ಮಾಳಿಗೆಯಲ್ಲಿ ನಿಂತಿದ್ದಾಗ ಹೊಳೆಯ ಮೇಲಿಂದ ಕೂಗು ಬಂತು. ಎರಡು ಉದ್ದ, ನಡುವೆ ಒಂದು ತುಂಡು. ಆಕೆಯ ಕಾಲು ತಾನಾಗಿ ಒಲೆಯ ಕಡೆ ಹೊರಟಿತು. ಆಮೇಲೆ ಸಿಟ್ಟು ನೆತ್ತಿಗೇರಿತು. ಸತ್ತವಳ ಕೂಗನ್ನು ಕದ್ದವನು ಯಾರು? ಚಪ್ಪಲಿ ಮೆಟ್ಟುವುದನ್ನೂ ಮರೆತು ಕಟ್ಟೆಗೆ ಇಳಿದಳು.

ಕೂಗಿದವನು ಮೌನಿ. ಸೊಸೆಗೆ ಲಾಂಚ್ ಕಲಿಸಿದ ಹಿರಿಯ ಚಾಲಕ. ಮಾತು ಕಡಿಮೆಯಾದ್ದರಿಂದ ಕಟ್ಟೆಯವರು ಇಟ್ಟ ಹೆಸರು ಅದು. ಅತ್ತೆ ಅವನ ಜನ್ಮ ಜಾಲಾಡಿದಳು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದು, ಅಷ್ಟನ್ನೂ ತಿಂದು, ಕೊನೆಗೆ ಹೇಳಿದ:

“ಮಾತಾಡಬಾರದು ಅಂದಿದಾರೆ ದೊಡ್ಡಮ್ಮ. ನನಗೆ ಹೇಗೂ ಮಾತು ಬರಲ್ಲ. ಕೂಗಬಾರದು ಅಂತ ಯಾರೂ ಅಂದಿಲ್ಲ.”

ಅತ್ತೆಯ ಸಿಟ್ಟು ಇಳಿಯಿತು. ಪದ್ಧತಿ ಮುರಿಯುವುದು ಅವನಿಗೆ ಎಷ್ಟು ಕಷ್ಟವಾಗಿರಬೇಕೆಂದು ಆಕೆಗೆ ಗೊತ್ತಿತ್ತು. ಅವನ ತಂದೆ ತೀರಿಕೊಂಡಾಗಲೂ ಅವನು ತಂದೆಯ ಕೂಗನ್ನು ಮುಟ್ಟಿರಲಿಲ್ಲ. ಆಕೆ, “ಅವಳ ಕೂಗು ನಮ್ಮ ಮನೇದು. ನಾನು ಕೊಟ್ಟಿದೀನಿ ಅಂದುಕೋ. ನಾಳೆ ಇನ್ನೂ ಗಟ್ಟಿಯಾಗಿ ಕೂಗು,” ಎಂದಳು.

ಮರುದಿನ ಮಗಳು ಗೆಳತಿಯ ಫೋನಿನಲ್ಲಿ ಅದನ್ನು ಹಿಡಿದು ಜಾಲತಾಣಕ್ಕೆ ಹಾಕಿದಳು. ಒಂದು ಅಕ್ಷರವಿಲ್ಲ, ಮುಖವಿಲ್ಲ. ಸಂಜೆಯ ಹೊಳೆ ಮತ್ತು ಆ ಕೂಗು, ಅಷ್ಟೇ. ಕಟ್ಟೆಯವರು ಕೇಳಿದ ಕೂಡಲೇ ಗುರುತಿಸಿದರು. ಅವರು ಉಳಿದವರಿಗೆ ಬಾಯಿಂದ ಬಾಯಿಗೆ ಹೇಳಿದರು. ಆಮೇಲೆ ನೋಡಬೇಕಿತ್ತು. ಬಸ್ಸಿನವನು ನಿಲ್ದಾಣದಲ್ಲಿ ಅದೇ ರೀತಿ ಹಾರನ್ ಒತ್ತಿ ವಿಡಿಯೊ ಹಾಕಿದ. ಗಿರಣಿಯ ಹೆಂಗಸರು ಪಾಳಿಯ ಸೈರನ್ನಿನಲ್ಲಿ ಕೂಗಿಸಿದರು. ಅವರಲ್ಲಿ ಅರ್ಧ ಜನ ಸೊಸೆಯಿಂದ ಬದುಕಿ ಉಳಿದವರು. ಹಾಲಿನವನ ಸೈಕಲ್ ಗಂಟೆ, ಅಡುಗೆಮನೆಯ ಕುಕ್ಕರಿನ ಸೀಟಿ, ಹಲ್ಲಿಲ್ಲದ ಅಜ್ಜನೊಬ್ಬನ ಶಿಳ್ಳೆ. ಅಜ್ಜನದು ಶಿಳ್ಳೆಗಿಂತ ಗಾಳಿಯೇ ಹೆಚ್ಚು. ಆದರೂ ಊರು ಎದೆಗೊತ್ತಿಕೊಂಡದ್ದು ಅದನ್ನೇ.

ಇಲಾಖೆಯವರಿಗೆ ತಲೆಬಿಸಿಯಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಆ ಕೂಗಿದ್ದ ವಿಡಿಯೊಗಳನ್ನೆಲ್ಲ ಅಳಿಸಬೇಕೆಂದು ಜಾಲತಾಣಗಳನ್ನು ಕಾಯುವ ಯಂತ್ರಕ್ಕೆ ಪಾಠ ಹೇಳಿಕೊಟ್ಟರು. ಯಂತ್ರ ಗುರುವನ್ನು ಮೀರಿದ ಶಿಷ್ಯ. ನಾಲ್ಕು ರಸ್ತೆ ಸೇರುವ ಕಡೆ ಯಾವ ಲಾರಿಯವನು ಹಾಗೆ ಹಾರನ್ ಒತ್ತುವುದಿಲ್ಲ? ಮದುವೆಯ ವಿಡಿಯೊಗಳು ಹೋದವು, ರೈಲಿನ ವಿಡಿಯೊಗಳು ಹೋದವು. ‘ಸುರಕ್ಷಿತ ಪ್ರಯಾಣ’ ಎಂದು ಇಲಾಖೆಯೇ ಮಾಡಿಸಿದ್ದ ಜಾಹೀರಾತು ಹೋಯಿತು. ಕೊನೆಗೆ ಮಂತ್ರಿಗಳು ಹೊಸ ಲಾಂಚಿನ ಸೀಟಿ ಎಳೆದು ಉದ್ಘಾಟಿಸಿದ ವಿಡಿಯೊ ಹೋಗಿ ಅವರ ಖಾತೆಗೇ ಬೀಗ ಬಿತ್ತು. ಏನಾಯಿತೆಂದು ತಿಳಿಯದ ಅವರ ಹಿಂಬಾಲಕರು, ನಮ್ಮ ನಾಯಕರ ಬಾಯಿ ಮುಚ್ಚಿಸುವ ಸಂಚು ನಡೆದಿದೆ ಎಂದು ಪ್ರತಿಭಟನೆಗೆ ಕುಳಿತರು.

ಊರು ನಕ್ಕಿತು. ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ನಕ್ಕಿತು. ನಕ್ಕವರಿಗೆ ಪಕ್ಕದವರೂ ನಗುತ್ತಿರುವುದು ಕಂಡಿತು. ಅಲ್ಲಿಗೆ ಹೆದರಿಕೆಯ ಬೆನ್ನು ಮುರಿಯಿತು.

ಸರ್ಕಾರ ಗಾಳಿಗೆ ಗುದ್ದಿ ಕೈ ನೋಯಿಸಿಕೊಂಡವನಂತೆ ಇನ್ನೂ ಜೋರಾಗಿ ಗುದ್ದಿತು: ಇಡೀ ಊರಿಗೆ ಜಾಲತಾಣಗಳೇ ಬಂದ್. ಆ ಸಂಜೆ ಫೋನು ನೋಡಲು ಏನೂ ಇಲ್ಲದ ಜನ ಮನೆಯಿಂದ ಹೊರಬಂದರು. ಹೊರಬಂದವರು ಎಲ್ಲಿಗೆ ಹೋಗಬೇಕು? ಕೂಗನ್ನು ಕಿವಿಯಾರೆ ಕೇಳಲು ಕಟ್ಟೆಗೆ ಬಂದರು. ಮೆಟ್ಟಿಲು ತುಂಬಿತು, ರಸ್ತೆ ತುಂಬಿತು, ಮಾಳಿಗೆಗಳು ತುಂಬಿದವು. ಅತ್ತೆಯನ್ನು ಕಂಡು ದಾರಿ ಬಿಟ್ಟರು. ಯಾರೋ ಆಕೆಯ ಕೈ ಮುಟ್ಟಿ, ನಾನು ಅಂದು ದಿಬ್ಬಕ್ಕೆ ಇಳಿದವಳು ದೊಡ್ಡಮ್ಮ, ಎಂದಳು. ಇನ್ಯಾರೋ ಮಗುವನ್ನು ಎತ್ತಿ ತೋರಿಸಿದರು.

ಲಾಂಚುಗಳು ಬಂದವು. ಮುಂದಿನದು ಮೌನಿಯದು. ಅವನು ಕೂಗಿದ, ಹಿಂದಿನವನು ಕೂಗಿದ, ಅವನ ಹಿಂದಿನವರೆಲ್ಲ ತಮ್ಮ ತಮ್ಮ ಕೂಗನ್ನು ಬಿಟ್ಟು ಅವಳದನ್ನೇ ಕೂಗಿದರು. ಹೊಳೆ ಅದನ್ನು ಆಚೆ ದಡಕ್ಕೆ ಒಯ್ದು ಮರಳಿ ತಂದಿತು. ಪೊಲೀಸ್ ಅಧಿಕಾರಿ ಜನರನ್ನು ಸೀಳಿಕೊಂಡು ಬಂದು, ಯಾವ ಅನುಮತಿಯಿಂದ ಈ ಗದ್ದಲ ಎಂದು ಕೇಳಿದ. ಮೌನಿ ಕಟ್ಟೆಯ ಗೋಡೆಯ ಕಡೆ ಬೆರಳು ತೋರಿಸಿದ. ಅಲ್ಲಿ ಇಲಾಖೆಯೇ ದಪ್ಪ ಅಕ್ಷರದಲ್ಲಿ ಬರೆಸಿತ್ತು: ‘ದಡ ಸಮೀಪಿಸುವಾಗ ಸೀಟಿ ಹಾಕುವುದು ಕಡ್ಡಾಯ.’ ಅಧಿಕಾರಿ ಓದಿದ. ಮತ್ತೊಮ್ಮೆ ಓದಿದ. ಮೀಸೆಯೊಳಗೆ ನಗು ಅಡಗಿಸಿಕೊಂಡು, “ನಿಯಮ ಪಾಲಿಸ್ತಿದಾರೆ, ಬಿಡ್ರಯ್ಯ,” ಎಂದು ತನ್ನವರನ್ನು ಪಕ್ಕಕ್ಕೆ ನಿಲ್ಲಿಸಿದ.

ಹಾಗೆ ಸಂಜೆ ಸಂಜೆಯೂ ನಡೆಯಿತು. ಹೊಳೆಯುದ್ದದ ಊರುಗಳಿಗೆ ಹಬ್ಬಿತು. ಫೋನಿಲ್ಲದೆ ವ್ಯಾಪಾರ ನಿಂತ ಅಂಗಡಿಯವರು ಬಾಗಿಲು ಎಳೆದು ಕಟ್ಟೆಗೇ ಬಂದು ನಿಂತರು. ಸರ್ಕಾರ ಕೊನೆಗೆ ಒಂದು ಸಾಲಿನ ಪ್ರಕಟಣೆಯಲ್ಲಿ ಆಜ್ಞೆಯನ್ನು ಹಿಂತೆಗೆದುಕೊಂಡಿತು. ತಳ ಸೋರುವ ಲಾಂಚುಗಳನ್ನೆಲ್ಲ ದಡಕ್ಕೆಳೆದು ನಿಲ್ಲಿಸಿದರು. ಹೊರಡು ಎಂದು ಗದರಿಸಿದ್ದ ಮೇಲಿನವನನ್ನು ಮನೆಗೆ ಕಳಿಸಿ ವಿಚಾರಣೆ ಆರಂಭಿಸಿದರು.

ಸಾಹೇಬ ಮತ್ತೆ ಬಂದ, ಈ ಸಲ ಹಾರವಿಲ್ಲದೆ. ಇಲಾಖೆಯ ಹೇಳಿಕೆ ತಪ್ಪಾಗಿತ್ತು ಎಂದು ಅಂಗಳದಲ್ಲಿ ನಿಂತು ಹೇಳಿದ.

“ನನಗೆ ಕೇಳಿಸಿತು,” ಎಂದಳು ಅತ್ತೆ. “ಸುಳ್ಳನ್ನ ಊರಿಗೆಲ್ಲ ಹೇಳಿದ್ರಿ, ನಿಜಾನ ನನ್ನೊಬ್ಬಳ ಕಿವೀಲಿ ಹೇಳ್ತೀರಾ? ನಡೀರಿ ಕಟ್ಟೆಗೆ.”

ಅವನು ನಡೆದ. ಮೆಟ್ಟಿಲ ಮೇಲೆ ನಿಂತು, ಲಾಂಚ್ ಕಟ್ಟಿದ್ದಾಗಲೇ ಚಾಲಕಿ ಎಚ್ಚರಿಸಿದ್ದಳು, ನಾವು ಕೇಳಲಿಲ್ಲ, ಅವಳಿಂದಲೇ ಇಷ್ಟು ಜನ ಉಳಿದರು ಎಂದು ಗಟ್ಟಿಯಾಗಿ ಹೇಳಿದ. ಮಗ ತಲೆಯೆತ್ತಿ ನಿಂತಿದ್ದ. ಅತ್ತೆಗೆ ಅವನು ತಲೆಯೆತ್ತಿದ್ದು ಕಂಡು ಎಷ್ಟೋ ಕಾಲವಾಗಿತ್ತು.

ಅಂದು ಸೊಸೆಯ ಖಾತೆ ತೆರೆಯಿತು. ಕಟ್ಟೆಯ ಮೇಲೆ ನೂರಾರು ಫೋನುಗಳಲ್ಲಿ ಅವಳ ದನಿ ಒಂದಕ್ಕೊಂದು ಹೆಣೆದುಕೊಂಡು ಕೇಳಿತು. ಗೂಟ ಕಂಡಿತು, ಹಗ್ಗ ಕಂಡಿತು. ಎಲ್ಲ ಹೇಳಿ ಮುಗಿಸಿದ ಮೇಲೆ ಅವಳು ಹುಬ್ಬು ಹಾರಿಸಿ, “ಮೇಲಿನವರು ಬೈತಾರಂತೆ. ಬೈಯಲಿ. ನಮ್ಮತ್ತೆ ಬೈಗುಳ ತಿಂದು ಗಟ್ಟಿಯಾದ ಮೈ ಇದು, ಇವರದೆಲ್ಲ ಯಾವ ಲೆಕ್ಕ,” ಎಂದು ನಕ್ಕಿದ್ದಳು. ಜನ ಅತ್ತೆಯ ಕಡೆ ತಿರುಗಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಕೇಳಿದಿರಾ? ಹೋಗುವಾಗಲೂ ನನ್ನ ಮೇಲೆ ದೂರು ಹೇಳಿಯೇ ಹೋಗಿದಾಳೆ,” ಎಂದಳು. ಆಮೇಲೆ ಇಡೀ ಕಟ್ಟೆ ನಕ್ಕಿತು, ಆಕೆಯೂ ನಕ್ಕಳು.

ಮನೆಗೆ ಬಂದು ಕೈಕಾಲು ತೊಳೆದು ದೀಪ ಹಚ್ಚಿದಳು. ಇಷ್ಟು ದಿನ ಬೇಡಿದ್ದು ದೊರಕಿತ್ತು. ಈಗ ಬೇಡಲು ಉಳಿದಿದ್ದುದನ್ನು ಕಣ್ಣು ಮುಚ್ಚಿ ಬೇಡಿದಳು:

“ತಂದೆ, ಸುಳ್ಳನ್ನು ನೀನೇ ತೊಳೆದೆ, ನಿನ್ನ ಪಾದಕ್ಕೆ ಶರಣು. ನನ್ನ ಮಗು ನಿನ್ನ ಬಳಿ ಇದೆ. ಬಾಯಿ ಜೋರು, ಮನಸ್ಸು ಬೆಣ್ಣೆ. ಅವಳು ಎದುರು ಮಾತಾಡಿದರೆ ತಪ್ಪು ತಿಳಿಯಬೇಡ. ಹಿಂದಿನ ಬದಿಯಲ್ಲಿದ್ದು ಅವಳ ಜೊತೆಗೇ ಹೋದವರನ್ನೂ ಕೈಬಿಡಬೇಡ. ಬಹಳ ದಣಿದು ಬಂದಿದ್ದಾಳೆ. ಅವಳಿಗೆ ಶಾಂತಿ ಕೊಡು, ನೆರಳು ಕೊಡು, ಯಾರೂ ಎಬ್ಬಿಸದಂತಹ ನಿದ್ದೆ ಕೊಡು.”